ಮೊಟ್ಟೆ ದುಡ್ಡು

ಇನ್ನೊಬ್ಬರ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂಬುದನ್ನು ನಾಲ್ಕು ಜನರ ಮುಂದೆ ಹೇಳುವುದು ಒಳ್ಳೆಯ ಕೆಲಸವಲ್ಲ. ಅದರಲ್ಲೂ ಸೈಟು ಮಾರುವ ಕಂಪನಿಯವರು ಜನರ ದುಡ್ಡನ್ನು ಹೇಗೆ ಹಾಕಿಸಿಕೊಳ್ಳುತ್ತಾರೆ, ಹೇಗೆ ತಿರುಗಿ ಕೊಡುತ್ತಾರೆ ಎಂಬ ವಿಷಯದಲ್ಲಿ ಬಲ್ಲವರು ಬೇಕಾದಷ್ಟು ಮಂದಿ ಇರುವಾಗ, ಅರ್ಧಂಬರ್ಧ ತಿಳಿದವರು ಬಾಯಿ ಹಾಕುವುದು ಇನ್ನೂ ತಪ್ಪು. ಆದರೂ ಮೇಲೂರಿನ ವರಲಕ್ಷ್ಮಮ್ಮನ ಮನೆಯ ಈ ಸಂಗತಿಯನ್ನು ಹೇಳದೆ ಇರಲು ಆಗುತ್ತಿಲ್ಲ. ಲೆಕ್ಕದಲ್ಲಿ ತಪ್ಪು ಕಂಡರೆ ಬಲ್ಲವರು ತಿದ್ದಿಕೊಳ್ಳಬೇಕು. ಆ ಮನೆಯವರು ಕ್ಷಮಿಸಬೇಕು.

ವರಲಕ್ಷ್ಮಮ್ಮ ಬೇಳೆ ಬೇಯಲು ಇಟ್ಟಳೆಂದರೆ ಕಂಪನಿಯ ದುಡ್ಡು ಬಂತೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಶನಿವಾರ ಹಾಗೆಯೇ ಆಯಿತು. ಸೊಸೆ ಶಿರೀಷಾ ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಟೀಚರು. ಬ್ಯಾಗು ಹೆಗಲಿಗೇರಿಸಿ ಹೊರಟಿದ್ದವಳು ಅತ್ತೆಯ ಫೋನು ಟಿಣ್ ಎಂದದ್ದು ಕೇಳಿ ತಿರುಗಿ ಬಂದು ನೋಡಿದಳು.

"ಅತ್ತೆ, ಬೆಳೆ ಬಂತು!"

"ಬಂತಾ? ಸಾಯಂಕಾಲ ಬರ್ತಾ ಎರಡು ಸೇರು ಬೇಳೆ ತಗೊಂಡು ಬಾಮ್ಮ. ಬೆಲ್ಲ ಇದೆ. ತನುಜಂಗೆ ಫೋನ್ ಮಾಡಿ ಹೇಳು, ನಾಳೆ ಗಂಡನ್ನ, ಮಕ್ಕಳನ್ನ ಕರ್ಕೊಂಡು ಬಂದ್ಬಿಡಲಿ."

ಜಗಲಿಯಲ್ಲಿ ಕೂತಿದ್ದ ವರಲಕ್ಷ್ಮಮ್ಮನ ಗಂಡ ರಾಮಾಂಜಿನಪ್ಪ ಪೇಪರು ಮಡಿಸದೆಯೇ ಹೇಳಿದ: "ಬೆಳೆ ಬಂದ್ರೆ ಬೇಳೆ. ಇವಳಿಗೆ ಒಂದು ದೀರ್ಘ ಸಿಕ್ಕಿದ್ರೆ ಸಾಕು, ಹಬ್ಬ."

"ನಿಮಗೇನು ಕಷ್ಟ? ಬಡಿಸಿದಾಗ ಬೇಡ ಅಂದಿದ್ದೀರಾ ಒಂದಿನ?"

ಅಷ್ಟರಲ್ಲಿ ಚಿಕ್ಕಬಳ್ಳಾಪುರದಿಂದ ಕಂಪನಿಯ ಮೋಹನ್‌ಬಾಬುವಿನ ಫೋನು ಬಂತು. ಪ್ರತಿ ಸಲವೂ ಅವನು ತಪ್ಪದೆ ಮಾಡುತ್ತಿದ್ದ. "ಅಮ್ಮಾ, ಬೆಳೆ ಬಂತಾ?"

"ಬಂತಪ್ಪ. ಹೊಟ್ಟೆ ತಣ್ಣಗಿರಲಿ. ನಾಳೆ ಒಬ್ಬಟ್ಟು ಮಾಡ್ತೀನಿ, ಬಂದುಹೋಗು."

ಬೆಳೆ ಎಂಬ ಮಾತು ಆ ಮನೆಗೆ ಹೊಸದಲ್ಲ. ಊರ ಹೊರಗೆ ಬಾವಿಯ ಸುತ್ತ ಎರಡು ಎಕರೆ ಹಿಪ್ಪುನೇರಳೆ ತೋಟವಿತ್ತು. ವರಲಕ್ಷ್ಮಮ್ಮ ತನ್ನ ಅಪ್ಪನಿಗೆ ಒಬ್ಬಳೇ ಮಗಳು. ಅಪ್ಪ ಚಿಂತಾಮಣಿ ಕಡೆಯ ರಾಮಾಂಜಿನಪ್ಪನನ್ನು ಮನೆಅಳಿಯನಾಗಿ ತಂದುಕೊಂಡು, ತೋಟವನ್ನು ಮಗಳ ಹೆಸರಿಗೇ ಮಾಡಿ ಕಣ್ಣು ಮುಚ್ಚಿದ್ದ. ಅಲ್ಲಿಂದ ಗಂಡ ಹೆಂಡತಿ ಇಬ್ಬರೂ ನಲವತ್ತು ವರ್ಷ ರೇಷ್ಮೆ ಹುಳ ಮೇಯಿಸಿದರು. ಹುಳ ಚರ್ಮ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ತಲೆ ಎತ್ತಿ ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ದಿನಗಳಲ್ಲಿ ಮನೆಯವರ ಊಟಕ್ಕೆ ಹೊತ್ತು ಗೊತ್ತಿರುತ್ತಿರಲಿಲ್ಲ. ಮುದ್ದೆ ಮಾಡಿ ಮುಚ್ಚಿಟ್ಟರೆ ಯಾರಿಗೆ ಯಾವಾಗ ಕೈ ಬಿಡುವಾಗುತ್ತದೋ ಆಗ ನಿಂತುಕೊಂಡೇ ನುಂಗಿ ಹೋಗುತ್ತಿದ್ದರು. ಮಗ ರಮೇಶ್‌ಬಾಬು, ಮಗಳು ತನುಜ ಚಿಕ್ಕವರಿದ್ದಾಗ ಹುಳದ ಮನೆಯ ಬಾಗಿಲಲ್ಲೇ ಮಗ್ಗಿ ಬಾಯಿಪಾಠ ಮಾಡುತ್ತಿದ್ದರು.

ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದ ದಿನ ರಾಮಾಂಜಿನಪ್ಪ ಮಧ್ಯಾಹ್ನಕ್ಕೆ ಬೇಳೆ, ಒಂದು ಮೊಳ ಕನಕಾಂಬರ, ಖಾರಾಬೂಂದಿ ಪೊಟ್ಟಣ ಹಿಡಿದು ಬರುತ್ತಿದ್ದ. ಆದರೆ ಪೊಟ್ಟಣ ಬಿಚ್ಚುವ ಮುಂಚೆ ಒಂದು ಕೆಲಸ ಆಗಬೇಕಿತ್ತು. ಮುಂದಿನ ಬೆಳೆಗೆ ಹುಳದ ಮೊಟ್ಟೆ ತರಲು ಎಷ್ಟು ಬೇಕೋ ಅಷ್ಟನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡಬೇಕು. ಅದೇ ಮೊಟ್ಟೆ ದುಡ್ಡು. ಮನೆಯಲ್ಲಿ ಮಗು ಕಾಯಿಲೆ ಬಿದ್ದರೂ ಪಕ್ಕದ ಮನೆಯಲ್ಲಿ ಸಾಲ ತಂದರೇ ಹೊರತು ಆ ಗಂಟನ್ನು ಬಿಚ್ಚಿದವರಿಲ್ಲ. ಅಪ್ಪ ಹಾಕಿಕೊಟ್ಟ ಕಟ್ಟುಪಾಡು ಅದು.

ಆಮೇಲೆ ಸುತ್ತಲೂ ದ್ರಾಕ್ಷಿ, ಗುಲಾಬಿ ಬಂದವು. ಪಕ್ಕದವರು ಔಷಧಿ ಹೊಡೆದರೆ ಗಾಳಿಗೆ ಇವರ ಸೊಪ್ಪಿಗೂ ತಾಗಿ ಹುಳ ಸಾಯತೊಡಗಿದವು. ಎರಡು ಸಲ ಬಿದಿರಿನ ತಟ್ಟೆಗಟ್ಟಲೆ ಹುಳ ಗುಂಡಿಗೆ ಸುರಿದ ಮೇಲೆ ರಾಮಾಂಜಿನಪ್ಪನಿಗೂ ಕೈ ಸೋತಿತು. ಆಗ ಬಂದದ್ದು ಲೇಔಟ್ ಕಂಪನಿ. ತೋಟವನ್ನು ಅವರಿಗೆ ಮಾರಿ, ಬಂದದ್ದರಲ್ಲಿ ಸ್ವಲ್ಪ ದುಡ್ಡು ಕೈಗೆ ತೆಗೆದುಕೊಂಡು ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸಿದರು. ಉಳಿದದ್ದನ್ನೆಲ್ಲ ಅದೇ ಲೇಔಟಿಗೆ ಬಂಡವಾಳವಾಗಿ ಬಿಟ್ಟರು. "ಸೈಟು ಮಾರಿದಂಗೆಲ್ಲ ರಿಟರ್ನ್ ಬರ್ತದೆ," ಎಂದಿದ್ದ ಮೋಹನ್‌ಬಾಬು. ಬಂತು ಕೂಡ. ಎರಡು ಮೂರು ತಿಂಗಳಿಗೊಮ್ಮೆ, ಥೇಟು ರೇಷ್ಮೆ ಬೆಳೆ ಬರುತ್ತಿದ್ದ ಹಾಗೆಯೇ ಬಂತು. ಮೊದಲ ಸಲ ಬಂದಾಗ ವರಲಕ್ಷ್ಮಮ್ಮ ತನಗೇ ಗೊತ್ತಿಲ್ಲದೆ "ಬೆಳೆ ಬಂತು" ಎಂದಳು. ಕೇಳಿದ ಮೋಹನ್‌ಬಾಬು ನಕ್ಕು ತಾನೂ ಹಾಗೇ ಕರೆಯತೊಡಗಿದ. ಆ ದಿನ ಅವಳು ಗಂಡನಿಗೆ ಹೇಳಿದ ಮಾತು ಇದು: "ಎಂಥಾ ಬೆಳೆ ನೋಡ್ರೀ! ಸೊಪ್ಪು ಕೊಯ್ಯಂಗಿಲ್ಲ, ಕಸ ಎತ್ತಂಗಿಲ್ಲ. ಮೊಟ್ಟೆ ದುಡ್ಡೂ ಕಟ್ಟಿಡಂಗಿಲ್ಲ."

ಒಲೆಯ ಮೇಲಿನ ಬೇಳೆ ನೋಡಿ ರಾಮಾಂಜಿನಪ್ಪ ಜಗಲಿಗೆ ತಿರುಗಿ ಹೋಗಿದ್ದ.

ಭಾನುವಾರ ಗೌರಿಬಿದನೂರಿನಿಂದ ತನುಜ ಒಬ್ಬಳೇ ಬಂದಳು. ಗಂಡ ಜಗನ್‌ಗೆ ಅಂಗಡಿ ಬಿಟ್ಟು ಬರಲು ಆಗಲಿಲ್ಲವಂತೆ, ಮಕ್ಕಳಿಗೆ ಪರೀಕ್ಷೆಯಂತೆ. ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ರಮೇಶ್‌ಬಾಬು ಮೂರನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ತನುಜ ಎಲೆ ನೋಡುತ್ತಲೇ ಮಾತು ತೆಗೆದಳು.

"ಅಮ್ಮ, ನಮ್ಮ ಓನರ್ರು ಮನೆ ಖಾಲಿ ಮಾಡಿ ಅಂದವ್ರೆ. ಸ್ಟೇಷನ್ ಹಿಂದೆ ಒಂದು ಸಣ್ಣ ಮನೆ ಮಾರಾಟಕ್ಕಿದೆ. ಅರ್ಧ ದುಡ್ಡಿಗೆ ಲೋನ್ ಆಗುತ್ತೆ."

"ಇನ್ನರ್ಧಕ್ಕೆ?" ಎಂದ ಅಣ್ಣ.

"ತೋಟದಲ್ಲಿ ನಂಗೂ ಒಂದು ಪಾಲು ಇದೆ ಅಂತ ಅಮ್ಮ ಯಾವಾಗ್ಲೂ ಅಂತಿದ್ರಲ್ಲ. ಈಗ ಕೊಟ್ರೆ..."

ವರಲಕ್ಷ್ಮಮ್ಮನ ಮುಖ ಅರಳಿತು. ಇಂಥ ಒಂದು ದಿನಕ್ಕಾಗಿಯೇ ಕಾದವಳಂತೆ ಸೌಟು ಕೆಳಗಿಟ್ಟಳು. "ಅದಕ್ಯಾಕಮ್ಮ ತಲೆ ತಗ್ಗಿಸಿ ಕೇಳ್ತೀಯ? ನಿಮ್ಮ ತಾತನ ತೋಟ ಕಂಪನೀಲಿ ಹಂಗೇ ಐತೆ. ಒಂದು ಗಿಡಾನೂ ಮುಟ್ಟಿಲ್ಲ. ಇಷ್ಟು ದಿನ ನಾವು ತಿಂದಿದ್ದು ಬರೀ ಬೆಳೆ. ಅಸಲಲ್ಲಿ ಅರ್ಧ ನಿಂದು, ಅರ್ಧ ನಿಮ್ಮಣ್ಣಂದು. ನಾಳೆನೇ ಹೋಗಿ ಕೇಳ್ತೀನಿ."

ರಾಮಾಂಜಿನಪ್ಪ ಎಲೆಯ ಮೇಲೆ ಅರ್ಧ ಒಬ್ಬಟ್ಟು ಬಿಟ್ಟು ಕೈ ತೊಳೆಯಲು ಎದ್ದ.

"ಯಾಕ್ರೀ?"

"ಹೊಟ್ಟೆ ಭಾರ."

ಮರುದಿನ ತಾಯಿ ಮಗಳು ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದರು. ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಕಂಪನಿಯ ಆಫೀಸು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಲೇಔಟಿನ ಗೊಂಬೆಮನೆಗಳು, ಪ್ಲಾಸ್ಟಿಕ್ ಮರಗಳು. ವರಲಕ್ಷ್ಮಮ್ಮ ಬಗ್ಗಿ ಬಾವಿ ಹುಡುಕಿದಳು. ಅದಿದ್ದ ಜಾಗದಲ್ಲಿ ಮಕ್ಕಳ ಜಾರುಬಂಡೆ ಇತ್ತು.

ಮೋಹನ್‌ಬಾಬು ಎದ್ದು ನಿಂತು ಕೈ ಮುಗಿದ, ಟೀ ತರಿಸಿದ. ಬಂದ ಕೆಲಸ ಕೇಳಿದ ಮೇಲೆ ಮಾತ್ರ ಅವನ ಮುಖ ಸಣ್ಣಗಾಯಿತು.

"ಅಮ್ಮ, ಅಸಲು ಅಂದ್ರೆ... ಅಸಲೇ ಅಲ್ವಾಮ್ಮ ನಾವು ಕಳಿಸ್ತಾ ಇರೋದು?"

"ನೀವು ಕಳಿಸ್ತಿರೋದು ಬೆಳೆಯಪ್ಪ. ನಾನು ಕೇಳ್ತಿರೋದು ತೋಟ."

"ನಮ್ಮಲ್ಲಿ ಪದ್ಧತಿ ಹಿಂಗಮ್ಮ. ಸೈಟು ಮಾರಾಟ ಆಗಿ ದುಡ್ಡು ಬಂದಂಗೆಲ್ಲ ಹಾಕಿದವರ ಬಂಡವಾಳ ಮೊದ್ಲು ತಿರುಗಿಸಿ ಕೊಟ್ಬಿಡ್ತೀವಿ. ಅಸಲು ಪೂರ್ತಿ ತೀರಿದ್ಮೇಲೆ ಏನು ಉಳೀತದೋ ಅದು ಲಾಭ. ಅದ್ರಲ್ಲಿ ನಿಮಗೆ ಪಾಲು. ಎಷ್ಟೋ ಕಂಪನಿಯವ್ರು ಹಿಂಗೆ ಮಾಡಲ್ಲಮ್ಮ. ಲಾಭ ಲಾಭ ಅಂತ ಚೂರು ಚೂರು ಕೊಟ್ಟು ಕೊನೆಗೆ ಅಸಲಿಗೇ ಕೈ ಎತ್ತಿಬಿಡ್ತಾರೆ. ನಾವು ಒಂದು ರೂಪಾಯಿ ಮೋಸ ಮಾಡಿಲ್ಲ."

"ಈಗ ಎಷ್ಟು ಉಳಿದಿದೆ?" ಎಂದು ತನುಜ ಕೇಳಿದಳು.

"ಹತ್ತರಲ್ಲಿ ಒಂದು ಪಾಲು. ಅದೂ ಮುಂದಿನ ಸಲಕ್ಕೆ ತೀರಿಹೋಗ್ತದೆ."

ವರಲಕ್ಷ್ಮಮ್ಮ ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. "ಮತ್ತೆ ನೀನೂ ಬೆಳೆ ಅಂತಿದ್ದೆಯಲ್ಲಪ್ಪ. ಪ್ರತಿ ಸಲ ಫೋನ್ ಮಾಡಿ ಬೆಳೆ ಬಂತಾ ಅಂತ ಕೇಳ್ತಿದ್ದೆಯಲ್ಲ!"

"ನೀವು ಅಂತಿದ್ರಿ ಅಂತ ನಾನೂ ಅಂದೆ ಅಮ್ಮ. ದೊಡ್ಡೋರು, ಬಾಯ್ತುಂಬ ಬೆಳೆ ಅಂತೀರ, ಕೇಳಕ್ಕೆ ಚೆನ್ನಾಗಿತ್ತು. ಯಜಮಾನ್ರಿಗೆ ಎಲ್ಲಾ ಬಿಡಿಸಿ ಹೇಳಿದ್ನಲ್ಲ."

ತಾಯಿ ಮಗಳು ಮೇಲೂರಿನ ಬಸ್ಸು ಹತ್ತಿದರು. ಲೇಔಟಿನ ಕಮಾನು ದಾಟುವಾಗ ಯಾವಾಗಲೂ ಕಿಟಕಿಯಿಂದ ಇಣುಕುತ್ತಿದ್ದ ವರಲಕ್ಷ್ಮಮ್ಮ ಅಂದು ಮಡಿಲಲ್ಲಿದ್ದ ಚೀಲವನ್ನೇ ನೋಡುತ್ತ ಕೂತಳು.

ಸಾಯಂಕಾಲ ಎಲ್ಲರೂ ಮನೆಗೆ ಬಂದ ಮೇಲೆ ಜಗಳ ಹತ್ತಿಕೊಂಡಿತು. ಮೊದಲು ಸಿಕ್ಕಿದವನು ರಮೇಶ್‌ಬಾಬು. ಅವನು ಚಿಕ್ಕಬಳ್ಳಾಪುರದ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಸಹಿ ಹಾಕುವ ಮುಂಚೆ ಕಾಗದವನ್ನೆಲ್ಲ ಓದಿದ್ದವನು ಅವನೇ.

"ಓದಿದ್ದೆ ಕಣಮ್ಮ. ಕ್ಯಾಪಿಟಲ್ ರಿಟರ್ನ್ ಅಂತಿತ್ತು. ಹಾಕಿದ ಕ್ಯಾಪಿಟಲ್ ಮೇಲೆ ಬರೋ ರಿಟರ್ನು ಅಂದ್ಕೊಂಡೆ. ಎಲ್ರೂ ರಿಟರ್ನ್ಸ್ ಅಂದ್ರೆ ಲಾಭ ಅಂತಾನೇ ತಾನೆ ಅನ್ನೋದು?"

"ರಿಟರ್ನ್ ಅಂದ್ರೆ ವಾಪಸ್ಸು ಅಣ್ಣ. ಬಸ್ಸಲ್ಲಿ ರಿಟರ್ನ್ ಟಿಕೆಟ್ ತಗೊಂಡ್ರೆ ಲಾಭ ಬರುತ್ತಾ?" ಎಂದಳು ತನುಜ.

"ನೀನು ಸುಮ್ನಿರೇ. ಪ್ರತಿ ಸಲ ಬಂದು ಸೀರೆ ಉಟ್ಕೊಂಡು ಹೋದಾಗ ಕೇಳಿದ್ಯಾ, ಇದು ಯಾವ ದುಡ್ಡು ಅಂತ?"

"ನಾನು ಸೀರೆ ಉಟ್ಟೆ. ನೀನು ಕಾರು ಉಟ್ಟೆಯಲ್ಲಣ್ಣ!"

ಶಿರೀಷಾ ನಡುವೆ ಬಂದಳು. "ಕಾರು ನಾವು ಕೇಳಿದ್ದಲ್ಲ ತನುಜ. ಅತ್ತೆನೇ ಬೆಳೆ ಬಂದಿದೆ, ತಗೊಳ್ಳಿ ಅಂದಿದ್ದು."

"ಹೌದು, ನಾನೇ ಅಂದಿದ್ದು," ಎಂದಳು ವರಲಕ್ಷ್ಮಮ್ಮ. ಅವಳ ದನಿ ಏರಿರಲಿಲ್ಲ. ನಡುಮನೆಯಲ್ಲಿ ನಿಂತು ಒಂದೊಂದನ್ನೇ ತೋರಿಸುತ್ತ ಹೋದಳು. "ಆ ಕಾರು ಇದೆಯಲ್ಲ, ಅದು ಬಾವಿ ಪಕ್ಕದ ಸಾಲು. ನಮ್ಮಪ್ಪ ಕೈಯ್ಯಾರೆ ಕಡ್ಡಿ ನೆಟ್ಟಿದ್ದು. ಈ ಫ್ರಿಜ್ಜು, ಟಿವಿ ಕಣದ ಕಡೆ ಮೂಲೆ. ಅಲ್ಲಿ ಸೊಪ್ಪು ಬಲು ದಪ್ಪ. ತನುಜನ ಬಳೆ ದೊಡ್ಡ ಗೇಟಿನ ಹತ್ತಿರದ ತುಂಡು. ಇನ್ನು ನಾನು, ಒಂಬತ್ತು ಸಲ ಊರಿಗೆಲ್ಲ ಒಬ್ಬಟ್ಟು ಹಂಚಿದೆ. ಅದು ಎಲ್ಲಿದೋ ನಂಗೇ ಗೊತ್ತಿಲ್ಲ. ಒಂದು ಸಲಾನಾದ್ರೂ ಮೊಟ್ಟೆ ದುಡ್ಡು ಎತ್ತಿಟ್ಟಿದ್ರೆ..."

ಮಾತು ಅಲ್ಲಿಗೇ ನಿಲ್ಲಿಸಿ ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಎಂದ ರಾಮಾಂಜಿನಪ್ಪ.

"ಮತ್ತೆ ಬಾಯಲ್ಲಿ ಏನಿತ್ತು?"

"ಚಾಲು ಚಾಲು, ಸಾಕು." ಸಿಟ್ಟು ಬಂದಾಗ ಅವನಿಗೆ ಚಿಂತಾಮಣಿ ಕಡೆಯ ತೆಲುಗು ಬರುತ್ತಿತ್ತು. "ಅಸಲು ಮೊದ್ಲು ಕೈಗೆ ಬಂದ್ರೆ ಒಳ್ಳೇದಲ್ವಾ? ಮುಳುಗಿಹೋಗೋ ಭಯ ಇಲ್ಲ ಅಂತ ಒಪ್ಕೊಂಡೆ."

"ಕೈಗೆ ಬಂದಿದ್ದು ಬಾಯಿಗೆ ಹೋಗ್ತಿತ್ತಲ್ಲ, ಕಾಣಲಿಲ್ವಾ? ಎಷ್ಟಾದ್ರೂ ಮನೆಅಳಿಯ. ನಿಮ್ಮಪ್ಪ ಮಾಡಿಟ್ಟ ತೋಟ ಆಗಿದ್ರೆ ಹಿಂಗೆ ಬಾಯಿ ಮುಚ್ಕೊಂಡು ಕೂತಿರ್ತಿದ್ರಾ?"

ಊರವರು ಹಿಂದಿನಿಂದ ಎಷ್ಟೋ ಸಲ ಆಡಿದ್ದ ಆ ಮಾತನ್ನು ಅವಳು ನಲವತ್ತು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ರಾಮಾಂಜಿನಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಬೆಳಿಗ್ಗೆ ಮೊದಲ ಬಸ್ಸಿಗೆ ಚಿಂತಾಮಣಿಯ ತಮ್ಮನ ಮನೆಗೆ ಹೊರಟುಹೋದ. ತನುಜಳೂ ಬುತ್ತಿ ಕಟ್ಟಿಸಿಕೊಳ್ಳದೆ ಗೌರಿಬಿದನೂರಿಗೆ ಹೋದಳು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಅಡುಗೆ ಆಗುತ್ತಿತ್ತು ಅಷ್ಟೇ. ಸೊಪ್ಪಿನ ಸಾರು, ಮುದ್ದೆ, ಮತ್ತೆ ಸೊಪ್ಪಿನ ಸಾರು. ರಮೇಶ್‌ಬಾಬು ಕಾರಿಗೆ ಕವರು ಹೊದಿಸಿ ಬಸ್ಸಿಗೆ ಹೋಗತೊಡಗಿದ. ಮಾರುತ್ತೀನಿ ಎಂದು ಒಂದು ದಿನ ಹೇಳಿದ. ಮಾರಿದರೆ ಅರ್ಧ ಬೆಲೆಯೂ ಬರುವುದಿಲ್ಲ ಎಂದು ಶಿರೀಷಾ ಹೇಳಿದ ಮೇಲೆ ಆ ಮಾತೂ ನಿಂತಿತು. ತನುಜ ಫೋನು ಮಾಡಿದರೆ ಅತ್ತಿಗೆಯೊಂದಿಗೆ ಎರಡು ಮಾತಾಡಿ ಇಡುತ್ತಿದ್ದಳು. ಸ್ಟೇಷನ್ ಹಿಂದಿನ ಮನೆ ಬೇರೆಯವರ ಪಾಲಾಯಿತು ಎಂಬ ಸುದ್ದಿಯೂ ಹಾಗೆಯೇ, ಶಿರೀಷಾಳ ಬಾಯಿಂದ ಬಂತು.

ಒಂದು ಮಧ್ಯಾಹ್ನ ಶಿರೀಷಾ ಅಟ್ಟದಿಂದ ಹಳೆಯ ಚಂದ್ರಿಕೆಯೊಂದನ್ನು ಇಳಿಸಿದಳು. ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿ ಅದು. "ಅತ್ತೆ, ಸಂಡಿಗೆ ಒಣಗಿಸೋಕೆ ತಗೊಳ್ಳಲಾ?" ಎಂದಳು. ವರಲಕ್ಷ್ಮಮ್ಮ ಬೈಯುತ್ತಾಳೆಂದೇ ಅವಳು ಅಂದುಕೊಂಡಿದ್ದಳು. ಆದರೆ ಅತ್ತೆ ಹತ್ತಿರ ಬಂದು ಬಿದಿರಿನ ಸುರುಳಿಯ ಸಂದಿಯಲ್ಲಿ ಬೆರಳಾಡಿಸಿದಳು. ಯಾವತ್ತಿನದೋ ರೇಷ್ಮೆಯ ಎಳೆಯೊಂದು ಇನ್ನೂ ಅಂಟಿಕೊಂಡಿತ್ತು.

"ಇದನ್ನ ಹೆಣೆಸಿದಾಗ ನಿಮ್ಮ ಮಾವ ಹೊಸ ಅಳಿಯ," ಎಂದಳು. "ಅಪ್ಪನ ಹತ್ರ ಮಾತಾಡೋಕೇ ಭಯ ಅವರಿಗೆ. ಹುಳಕ್ಕೆ ಏನಾದ್ರೂ ಆದ್ರೆ ನನ್ನ ಕಾಲುಗುಣ ಅಂತಾರೆ ಅಂತ ಹುಳದ ಮನೆ ಬಾಗಿಲಲ್ಲೇ ಮಲಗೋರು. ಒಂದು ಸಲ ಬೆಳೆ ಪೂರಾ ಹೋಯ್ತು. ಅಪ್ಪಂಗೆ ಹೇಳೋಕೆ ಬಾಯಿ ಬರದೆ ಮೂರು ದಿನ ಖಾಲಿ ತಟ್ಟೆಗೆ ಸೊಪ್ಪು ಹಾಕ್ತಾ ಇದ್ರು."

"ಖಾಲಿ ತಟ್ಟೆಗಾ ಅತ್ತೆ?"

"ಹೂಂ. ಆಮೇಲೆ ಅಪ್ಪಂಗೆ ಗೊತ್ತಾಗಿ ನಕ್ಕುಬಿಟ್ಟ." ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: "ಅಪ್ಪ ಬೈಯಲಿಲ್ಲ ನೋಡು. ನಾನು ಬೈದೆ." ಮತ್ತೆ, "ಸಂಡಿಗೆಗೆ ಯಾವುದಾದ್ರೂ ಹಳೇ ಸೀರೆ ತಗೋಮ್ಮ," ಎಂದು ಒಳಗೆ ಹೋಗಿ, ಚಿಂತಾಮಣಿಗೆ ತಾನೇ ಫೋನು ಮಾಡಿದಳು. ಎತ್ತಿದವನು ಮೈದುನ ಕೊಂಡಪ್ಪ.

"ಅಣ್ಣ ಇಲ್ಲೇ ಅವ್ನೆ ಅತ್ತಿಗೆ. ಕೊಡ್ಲಾ?"

"ಬೇಡ. ಮನೇಲಿ ಹುಣಸೆಹಣ್ಣು ಖರ್ಚಾಗಿದೆ, ಬರ್ತಾ ತರಬೇಕಂತೆ ಅಂತ ಹೇಳಿ ಸಾಕು."

ಮೂರನೆಯ ದಿನ ರಾಮಾಂಜಿನಪ್ಪ ಹುಣಸೆಹಣ್ಣಿನ ಚೀಲ ತಂದು ನಡುಮನೆಯಲ್ಲಿ ಇಳಿಸಿದ. ಅವಳು ತಟ್ಟೆ ಹಾಕಿದಳು. ಮುದ್ದೆ ಮುರಿಯುತ್ತ ಅವನೇ ಶುರು ಮಾಡಿದ.

"ಮೊದಲ್ನೇ ಸಲ ದುಡ್ಡು ಬಂದ ದಿನ ಹೇಳಬೇಕು ಅಂತಾನೇ ಒಳಗೆ ಬಂದೆ ಕಣೇ. ನೀನು ಬೇಳೆ ಬೇಯಕ್ಕೆ ಇಟ್ಟಿದ್ದೆ. ತಲೇಗೆ ಕನಕಾಂಬರ ಮುಡಿದಿದ್ದೆ. ತೋಟ ಹೋದ ಮೇಲೆ ನೀನು ನಕ್ಕಿದ್ದು ಅವತ್ತೇ. ನಾಳೆ ಹೇಳಣ ಅಂದ್ಕೊಂಡೆ. ಮಾರನೇ ದಿನ ನೋಡಿದ್ರೆ ನೀನು ಪಕ್ಕದ ಮನೆಗೆಲ್ಲ ಒಬ್ಬಟ್ಟು ಹಂಚ್ತಿದ್ದೆ."

"ಮತ್ತೆ ಖಾಲಿ ತಟ್ಟೆಗೆ ಸೊಪ್ಪು ಹಾಕ್ತಾ ಕೂತ್ರಿ."

ಅವನು ತಲೆ ಎತ್ತಿ ನೋಡಿದ. "ಅದು ಇನ್ನೂ ನೆನಪಿದೆಯಾ ನಿಂಗೆ?"

"ಸಾರು ಹಾಕ್ಲಾ?"

"ಹಾಕು."

ಆಡಿದ ಮಾತನ್ನು ಅವಳು ವಾಪಸ್ಸು ತೆಗೆದುಕೊಳ್ಳಲಿಲ್ಲ, ಅವನೂ ಕೇಳಲಿಲ್ಲ. ಸಾರು ಮಾತ್ರ ಎರಡು ಸಲ ಹಾಕಿಸಿಕೊಂಡ.

ಆಷಾಢ ಹುಟ್ಟುವ ಹೊತ್ತಿಗೆ ಕೊನೆಯ ದುಡ್ಡು ಬಂತು. ಫೋನು ಟಿಣ್ ಎಂದರೂ ಶಿರೀಷಾ ಬೆಳೆ ಎನ್ನದೆ ಅದನ್ನು ಅತ್ತೆಯ ಮುಂದೆ ಹಿಡಿದಳು. ಹಿಂದೆಯೇ ಮೋಹನ್‌ಬಾಬುವಿನ ಕರೆ.

"ಅಮ್ಮಾ..." ಎಂದು ತಡವರಿಸಿದ. "ಅದು ಬಂತಾಮ್ಮ?"

"ಬಂತಪ್ಪ. ಅಸಲು ತೀರ್ತಾ?"

"ತೀರ್ತಮ್ಮ. ಇವತ್ತಿಗೆ ಪೂರ್ತಿ."

"ಇನ್ಮೇಲೆ ಏನಾದ್ರೂ ಬಂದ್ರೆ ಅದಕ್ಕೆ ಏನನ್ನಬೇಕು?"

ಆ ಕಡೆ ಅವನು ಸ್ವಲ್ಪ ನಕ್ಕ ಹಾಗಾಯಿತು. "ಅದು ನಿಜವಾದ ಬೆಳೆ ಅಮ್ಮ. ಆದ್ರೆ ರೋಡ್ ಕಡೆ ಸೈಟುಗಳಿಗೆ ಇನ್ನೂ ಅಪ್ರೂವಲ್ ಬಂದಿಲ್ಲ. ಬಂದು, ಅವು ಮಾರಾಟ ಆಗಿ, ನಮ್ಮ ಖರ್ಚೆಲ್ಲ ಕಳೆದು... ಆಗುತ್ತೆ ಅಂತ ಹೇಳಲಾರೆ, ಆಗಲ್ಲ ಅಂತಾನೂ ಹೇಳಲಾರೆ."

"ಇದೊಂದು ಸರಿಯಾಗಿ ಹೇಳ್ದೆ ನೋಡಪ್ಪ," ಎಂದಳು ವರಲಕ್ಷ್ಮಮ್ಮ.

ಮಗನನ್ನು ಬ್ಯಾಂಕಿಗೆ ಕಳಿಸಿ ದುಡ್ಡನ್ನೆಲ್ಲ ತರಿಸಿದಳು. ಹಳೆಯ ಬಟ್ಟೆಯ ಚೂರೊಂದನ್ನು ಅರಿಶಿನ ನೀರಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ಕಟ್ಟಿ ದೇವರ ಮುಂದೆ ಇಟ್ಟಳು. "ಇದೆಲ್ಲ ತನುಜಂಗೆ. ಯಾರಾದ್ರೂ ಏನಾದ್ರೂ ಅನ್ನೋದಿದ್ರೆ ಈಗ್ಲೇ ಅನ್ನಿ." ರಮೇಶ್‌ಬಾಬು ಕಾರಿನ ಕೀಲಿ ಹುಡುಕಿ ತೆಗೆದಿಟ್ಟ. ಭಾನುವಾರ ಕಾರಿನ ಕವರು ತೆಗೆದು, ಅಪ್ಪ ಅಮ್ಮನನ್ನು ಕೂರಿಸಿಕೊಂಡು ತಾನೇ ಗೌರಿಬಿದನೂರಿಗೆ ಓಡಿಸಿಕೊಂಡು ಹೋದ.

ತನುಜ ಗಂಟನ್ನು ಮುಟ್ಟದೆ ಕಣ್ಣಲ್ಲೇ ಅಳೆದಳು. "ಇದ್ರಲ್ಲಿ ಮನೆ ಬರಲ್ಲಮ್ಮ," ಎಂದಳು.

"ಗೊತ್ತು ಕಣಮ್ಮ."

"ಭೋಗ್ಯಕ್ಕೆ ಬೇಕಾದ್ರೆ ಸಿಗುತ್ತೆ. ಒಂದು ಮನೆ ನೋಡಿದ್ದೀವಿ. ದುಡ್ಡು ಓನರ್ ಹತ್ರ ಇಟ್ರೆ ಬಾಡಿಗೆ ಇಲ್ಲ. ಮೂರು ವರ್ಷ ಆದ್ಮೇಲೆ ಖಾಲಿ ಮಾಡಿದಾಗ ಅಸಲು ಹಂಗೇ ವಾಪಸ್ಸು."

"ಹಂಗೇ ಅಂದ್ರೆ?" ರಾಮಾಂಜಿನಪ್ಪ ಕುರ್ಚಿಯ ಅಂಚಿಗೆ ಬಂದ. "ಒಟ್ಟಿಗೇನಾ, ಚೂರು ಚೂರಾಗಾ?"

ತನುಜಳಿಗೆ ನಗು ತಡೆಯಲಾಗಲಿಲ್ಲ. "ಒಟ್ಟಿಗೇ ಅಪ್ಪ. ಒಂದೇ ಸಲ."

"ಅಮ್ಮ, ಮತ್ತೆ ಅದನ್ನ ಬೆಳೆ ಅಂತ ಅನ್ನಬೇಡ," ಎಂದ ರಮೇಶ್‌ಬಾಬು. ವರಲಕ್ಷ್ಮಮ್ಮ ಕೈಗೆ ಸಿಕ್ಕ ಟವೆಲಿನಿಂದ ಮಗನ ಬೆನ್ನಿಗೆ ಒಂದು ಏಟು ಹಾಕಿದಳು. ಗಂಟನ್ನು ಬಿಚ್ಚದೆ ಹಾಗೆಯೇ ಮಗಳ ಮಡಿಲಿಗೆ ಹಾಕಿದಳು.

ಆ ದಿನ ತನುಜ ಚಿತ್ರಾನ್ನ ಮಾಡಿದ್ದಳು. ಒಬ್ಬಟ್ಟಿನ ಮಾತು ಯಾರೂ ಎತ್ತಲಿಲ್ಲ.

ಮೇಲೂರಿನ ಮನೆಯಲ್ಲಿ ಹಿಂದಿನ ಸಲ ತಂದ ಬೇಳೆ ಇನ್ನೂ ಒಂದು ಸೇರಿನಷ್ಟು ಡಬ್ಬಿಯಲ್ಲಿದೆ. ಹುಳು ಹಿಡಿಯದಿರಲೆಂದು ವರಲಕ್ಷ್ಮಮ್ಮ ಆಗಾಗ ಬಿಸಿಲಿಗೆ ಹಾಕಿ ಮತ್ತೆ ತುಂಬಿಡುತ್ತಾಳೆ. ಸಾರಿಗೆ ಬೇಕೆಂದು ಶಿರೀಷಾ ಕೇಳಿದರೆ ಬೇರೆ ತರಿಸುತ್ತಾಳೆ. ರೋಡ್ ಕಡೆಯ ಸೈಟುಗಳು ಮಾರಾಟವಾಗಿ ಆ ಮನೆಗೆ ನಿಜವಾದ ಬೆಳೆ ಎಂದಾದರೂ ಬರುತ್ತದೆಯೇ, ಆ ಬೇಳೆ ಒಲೆಯ ಮೇಲೆ ಏರುತ್ತದೆಯೇ? ಇದನ್ನು ಬರೆಯುವ ಹೊತ್ತಿಗೆ ಗೊತ್ತಾಗಿಲ್ಲ.